ಒಂದೇ ಹೂವಿನ ಗುಚ್ಛ: ಬಂಗಾರಪೇಟೆಯ ಸೇವಂತಿಗೆ, ನಮ್ಮ ಅಡಿಕೆ ಹಾಳೆ

ಕಾಫಿ-ಅಡಿಕೆ ಧಾರಣೆ, ಗೊಬ್ಬರದ ದಾಸ್ತಾನು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಇಂಥವೇ ಬರಬೇಕಾದ ನಮ್ಮ ಪತ್ರಿಕೆಯಲ್ಲಿ ಹೂಗುಚ್ಛದ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಿದರೆ ಆಶ್ಚರ್ಯವಿಲ್ಲ. ಕಾರಣ ನಮ್ಮ ಸಂಘದೊಳಗೇ ಇದೆ. ಕಳೆದ ವಾರ್ಷಿಕ ಮಹಾಸಭೆಯ ಖರ್ಚಿನ ಪಟ್ಟಿ ಆಡಳಿತ ಮಂಡಳಿಯ ಮುಂದೆ ಬಂದಾಗ ಗುಚ್ಛಗಳ ಬಾಬ್ತನ್ನು ಕಂಡು ನಿರ್ದೇಶಕರೊಬ್ಬರು, "ಈ ದುಡ್ಡಿಗೆ ಎರಡು ಚೀಲ ಯೂರಿಯಾ ಬರುತ್ತಿತ್ತಲ್ಲ!" ಎಂದರು. ಪೇಟೆಯ ಅಂಗಡಿಯಿಂದ ತರಿಸಿದ ಆ ಗುಚ್ಛಗಳಲ್ಲಿ ಗುಲಾಬಿ, ಜರ್ಬೆರಾ, ಕಾರ್ನೇಷನ್, ಹೆಸರು ತಿಳಿಯದ ಬಿಳಿ ಹೂ, ಎಲ್ಲವೂ ಇದ್ದವು. ಹೂವಿಗಿಂತ ಹೆಚ್ಚಾಗಿ ಮಿನುಗುವ ಕಾಗದ, ಪ್ಲಾಸ್ಟಿಕ್ ಹಾಳೆ, ತಂತಿ, ರಿಬ್ಬನ್ ಇದ್ದವು. ವಂದನಾರ್ಪಣೆಯ ಹೊತ್ತಿಗೆ ಜರ್ಬೆರಾಗಳು ಕತ್ತು ಬಾಗಿಸಿದ್ದವು. ಮರುದಿನ ನಮ್ಮ ಕಚೇರಿಯ ಸಹಾಯಕ ಒಂದು ಗಂಟೆ ಕುಳಿತು ತಂತಿ ಬೇರೆ, ಪ್ಲಾಸ್ಟಿಕ್ ಬೇರೆ, ಹೂ ಬೇರೆ ಮಾಡಿದ.

"ಮುಂದಿನ ವರ್ಷದಿಂದ ಹೂವೇ ಬೇಡ, ಪುಸ್ತಕ ಕೊಡೋಣ" ಎಂಬ ಸಲಹೆ ಬಂತು. ಇದು ಹೊಸ ಮಾತಲ್ಲ. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವೇ ಸುತ್ತೋಲೆ ಹೊರಡಿಸಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ-ತುರಾಯಿ, ಹೂಗುಚ್ಛ, ಹಣ್ಣಿನ ಬುಟ್ಟಿ, ಶಾಲುಗಳನ್ನು ಕೊಡಬಾರದು, ಬೇಕಾದರೆ ಕನ್ನಡ ಪುಸ್ತಕ ಕೊಡಬಹುದು ಎಂದಿತ್ತು. ಪುಸ್ತಕ ಕೊಡುವುದು ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಆಗ ಹೂ ಬೆಳೆಗಾರರು ಗೋಳಿಟ್ಟದ್ದನ್ನು ಬೆಳೆಗಾರರಾದ ನಾವು ಕೇಳಿಸಿಕೊಳ್ಳದಿದ್ದರೆ ಇನ್ನು ಯಾರು ಕೇಳಬೇಕು? ಅದಕ್ಕೆ ಹಿಂದಿನ ವರ್ಷ, 2020ರ ಲಾಕ್‌ಡೌನ್‌ನಲ್ಲಿ, ಮದುವೆ ನಿಂತು, ದೇವಸ್ಥಾನಗಳ ಬಾಗಿಲು ಮುಚ್ಚಿ, ಕೋಲಾರ-ಚಿಕ್ಕಬಳ್ಳಾಪುರದ ರೈತರು ಅರಳಿದ ಹೂವನ್ನು ಕಿತ್ತು ಎಸೆದಿದ್ದರು, ಹೊಲಕ್ಕೆ ಟ್ರ್ಯಾಕ್ಟರ್ ಹೊಡೆಸಿದ್ದರು. ಕಾಫಿಯನ್ನು ಗೋಣಿಯಲ್ಲಿ ಕಟ್ಟಿಟ್ಟು ಧಾರಣೆಗೆ ಕಾಯಬಹುದು, ಅಡಿಕೆಯನ್ನೂ ಕಾಯಿಸಬಹುದು. ಹೂವನ್ನು ಎಷ್ಟು ದಿನ ಕಾಯಿಸುತ್ತೀರಿ?

ಹಾಗಾಗಿ ನನ್ನ ಮಾತು ಇಷ್ಟು. ತಪ್ಪು ಹೂವಿನದಲ್ಲ, ಕಟ್ಟುವ ರೀತಿಯದು. ಒಂದೇ ಜಾತಿಯ ಹೂವನ್ನು ಕಡ್ಡಿ ಸಮೇತ ಬೆಳೆಗಾರನಿಂದಲೇ ತಂದು, ಮನೆಯಲ್ಲಿ ಕಟ್ಟಿ, ನಮ್ಮ ತೋಟದ ಹಾಳೆಯಲ್ಲಿ ಸುತ್ತಿ ಕೊಟ್ಟರೆ ಖರ್ಚು ಕಡಮೆ, ಬಾಳಿಕೆ ಹೆಚ್ಚು, ದುಡ್ಡು ರೈತನಿಗೆ. ಇದನ್ನು ನಾನು ನೋಡಿ ಕಲಿತದ್ದು ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿಯ ಸೀಮೆಯಲ್ಲಿ. ಅಲ್ಲಿ ನಮಗೆ ನೆಂಟಸ್ತಿಕೆ ಇರುವುದರಿಂದ ವರ್ಷಕ್ಕೆ ಒಂದೆರಡು ಸಲ ಹೋಗಿಬರುವುದುಂಟು.

ದೀಪ ಹಚ್ಚಿದ ಹೊಲಗಳು

ನಮ್ಮ ಮಲೆನಾಡಿನವರಿಗೆ ಆ ಸೀಮೆಯನ್ನು ಕಂಡರೆ ಮೊದಲು ಮರುಕ ಹುಟ್ಟುತ್ತದೆ. ವರ್ಷವಿಡೀ ಹರಿಯುವ ಹೊಳೆಯೊಂದಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಎಂಬ ಹೆಸರುಗಳಿವೆ, ನೀರು ಕಾಣುವುದು ಅಪರೂಪ. ಹಿಂದಿನವರು ಕಟ್ಟಿದ ಕೆರೆಗಳೇ ಆಧಾರವಾಗಿದ್ದವು. ಅವು ಬತ್ತಿದ ಮೇಲೆ ಕೊಳವೆ ಬಾವಿ ಸಾವಿರ ಅಡಿ ದಾಟಿತು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ನೀರಿನ ಗುಣದ ಬಗ್ಗೆ ವಾದ-ವಿವಾದ ಬಹಳವಿದೆ, ಅದು ಇಲ್ಲಿ ಬೇಡ. ನೀರು ಇಷ್ಟು ದುಬಾರಿಯಾದ ನೆಲದಲ್ಲಿ ರೈತ ಟೊಮೆಟೊ, ಹಿಪ್ಪುನೇರಳೆ, ಮಾವು, ಹೂ, ಹೀಗೆ ಹನಿ ಲೆಕ್ಕದಲ್ಲಿ ದುಡ್ಡು ಹುಟ್ಟಿಸುವ ಬೆಳೆಗೇ ಹೋಗುತ್ತಾನೆ. ಚೆಂಡು ಹೂ, ಸೇವಂತಿಗೆ, ಆಸ್ಟರ್, ಸುಗಂಧರಾಜ, ಗುಲಾಬಿ, ಎಲ್ಲವೂ ಉಂಟು.

ರಾತ್ರಿ ಬಸ್ಸಿನಲ್ಲಿ ಆ ಕಡೆ ಹೋದವರು ಗಮನಿಸಿರಬಹುದು: ಕೆಲವು ಹೊಲಗಳಲ್ಲಿ ಸಾಲಾಗಿ ಬಲ್ಬು ಉರಿಯುತ್ತಿರುತ್ತವೆ, ಜಾತ್ರೆಯ ಹಾಗೆ. ಅವು ಸೇವಂತಿಗೆ ಹೊಲಗಳು. ಸೇವಂತಿಗೆ ಹಗಲು ಕಡಮೆಯಾಗಿ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಗಿಡಗಳು ಹೀಗೆ ಹಗಲು-ರಾತ್ರಿಯ ಉದ್ದವನ್ನು ಅಳೆಯುತ್ತವೆಂಬುದನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಒಂದು ಜಾತಿಯ ಹೊಗೆಸೊಪ್ಪಿನ ಮೇಲೆ ಮಾಡಿದ ಪ್ರಯೋಗದಿಂದ ತೋರಿಸಿಕೊಟ್ಟರು. ಕೋಲಾರವಿರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆಯನ್ನು ಮುಟ್ಟುವುದಿಲ್ಲ. ಆದ್ದರಿಂದ ಎಷ್ಟೋ ತಳಿಗಳು ಗೇಣುದ್ದ ಇರುವಾಗಲೇ ಮೊಗ್ಗು ಬಿಟ್ಟು ಕುಳಿತುಬಿಡುತ್ತವೆ. ನಡುರಾತ್ರಿಯಲ್ಲಿ ಒಂದಿಷ್ಟು ಹೊತ್ತು ದೀಪ ಉರಿಸಿ ರಾತ್ರಿಯನ್ನು ತುಂಡು ಮಾಡಿದರೆ ಗಿಡ "ಇನ್ನೂ ಹಗಲು ಉದ್ದವಿದೆ" ಎಂದುಕೊಂಡು ಬೆಳೆಯುತ್ತದೆ, ಕಡ್ಡಿ ಉದ್ದವಾಗುತ್ತದೆ. ದೀಪ ಆರಿಸಿದ ಮೇಲೆ ಮೊಗ್ಗು. ಹಬ್ಬದ ದಿನಕ್ಕೆ ಸರಿಯಾಗಿ ಹೂ ಬರುವಂತೆ ಹಿಂದಕ್ಕೆ ಎಣಿಸಿ ದೀಪ ಆರಿಸುವ ರೈತರನ್ನು ಕಂಡಾಗ, ಹೂಮಳೆಗಾಗಿ ಆಕಾಶ ನೋಡುವ ಕಾಫಿ ಬೆಳೆಗಾರನಾದ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತೆನ್ನಿ.

ಗಣಿಯ ಊರಿನ ಗುಚ್ಛ

ನಮ್ಮಲ್ಲಿ ಹಾರ ಹಳೆಯದು. ಅತಿಥಿಗೆ ತುರಾಯಿ ಕೊಡುವ ಪದ್ಧತಿಯೂ ಮೈಸೂರು ಸೀಮೆಯಲ್ಲಿ ಹಿಂದಿನಿಂದ ಇತ್ತು. ಕಡ್ಡಿ ಸಮೇತ ಕೈಯಲ್ಲಿ ಹಿಡಿಯುವ ಗುಚ್ಛ ಮಾತ್ರ ಇಂಗ್ಲಿಷರ ಬಳುವಳಿ. ಕೋಲಾರ ಚಿನ್ನದ ಗಣಿಯಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದರು. ಆಂಗ್ಲೋ ಇಂಡಿಯನ್ನರು ಬಂದರು. ತಮಿಳುನಾಡು, ಆಂಧ್ರದ ಕಡೆಯಿಂದ ಸಾವಿರಾರು ಕಾರ್ಮಿಕರು ಬಂದರು. ಬಂಗಲೆ, ಕ್ಲಬ್ಬು, ಚರ್ಚು ಎದ್ದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲುಗಳಲ್ಲಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಊರಿನಲ್ಲಿ ಉಳಿದಿರುವುದು ಸೈನೈಡ್ ದಿಬ್ಬಗಳು, ಚರ್ಚುಗಳು, ಸಮಾಧಿಗಳು, ಜೊತೆಗೆ ಹೂ ಕಟ್ಟುವ ಕೈಗಳು.

ರಾಬರ್ಟ್‌ಸನ್‌ಪೇಟೆಯಲ್ಲಿರುವ ನನ್ನ ತಂಗಿಯ ಮನೆಯ ಪಕ್ಕದಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿದ್ದಾರೆ. ಎಲ್ಲರಿಗೂ ಅವರು ಟೀಚರಮ್ಮ. ತಂದೆ ನೆಲದಡಿ ದುಡಿದವರು. ತಮ್ಮ ಚರ್ಚಿನ ಪೂಜಾಪೀಠಕ್ಕೆ ವಾರವಾರ ಹೂ ಜೋಡಿಸುವ ಕೆಲಸ ಅವರದು. ನವೆಂಬರ್ 2ರಂದು, ಸತ್ತವರನ್ನು ನೆನೆಯುವ ಹಬ್ಬಕ್ಕೆ, ಸಮಾಧಿಗೆ ಇಡುವ ಗುಚ್ಛಗಳನ್ನೂ ಕಟ್ಟುತ್ತಾರೆ. ಆ ಹೊತ್ತಿಗೆ ಸೇವಂತಿಗೆಯ ಸುಗ್ಗಿ ಶುರುವಾಗಿರುತ್ತದೆ. ಫ್ರಾನ್ಸ್ ದೇಶದಲ್ಲಿಯೂ ಅದೇ ದಿನಗಳಲ್ಲಿ ಸಮಾಧಿಗೆ ಸೇವಂತಿಗೆಯನ್ನೇ ಇಡುತ್ತಾರಂತೆ. ಇದೇ ಕಾರಣಕ್ಕೆ ಅಲ್ಲಿ ಬೇರೆ ಸಂದರ್ಭದಲ್ಲಿ ಸೇವಂತಿಗೆ ಕೊಟ್ಟರೆ ಮುಖ ಸಿಂಡರಿಸುತ್ತಾರೆ. ನಮ್ಮಲ್ಲಿ ಆ ತೊಂದರೆಯಿಲ್ಲ. ದೇವರಿಗೂ ಸೈ, ಮದುವೆಗೂ ಸೈ.

"ಎಲ್ಲಾ ಬಣ್ಣದ ಹೂವೂ ಸೇರಿಸಿದರೆ ಚೆಂದವಲ್ಲವೇ, ಟೀಚರಮ್ಮ? ನೀವು ಒಂದೇ ಹೂವನ್ನು ಏಕೆ ಕಟ್ಟುತ್ತೀರಿ?" ಎಂದು ಕೇಳಿದೆ.

"ಸಾರ್, ನಾಲ್ಕು ಥರ ಹೂ ಸೇರಿಸಿದರೆ ಮೊದಲು ಬಾಡೋ ಹೂ ಯಾವುದೋ ಅದೇ ಇಡೀ ಗುಚ್ಛದ ಆಯುಸ್ಸು. ಜರ್ಬೆರಾ ಮೂರನೇ ದಿನ ತಲೆ ಬಗ್ಗಿಸಿದರೆ ಸೇವಂತಿ ಹತ್ತು ದಿನ ಇರುತ್ತೆ ಅಂತ ಯಾರಾದರೂ ಇಟ್ಟುಕೊಳ್ತಾರಾ? ಒಟ್ಟಿಗೇ ಎಸೀತಾರೆ. ಆಮೇಲೆ, ಒಂದೇ ಹೂವಾದರೆ ಕಟ್ಟು ಲೆಕ್ಕದಲ್ಲಿ ತೋಟದಿಂದಲೇ ತರಬಹುದು. ನಾಲ್ಕು ಥರ ಬೇಕು ಅಂದರೆ ಅಂಗಡಿಗೇ ಹೋಗಬೇಕು."

ತೋಟದಲ್ಲಿ ಮಿಶ್ರ ಬೆಳೆ ಮಾಡಿ, ಕಾಫಿಯ ನಡುವೆ ಮೆಣಸು ಹಬ್ಬಿಸಿ, ಅಡಿಕೆಯ ಕೆಳಗೆ ಏಲಕ್ಕಿ ಹಾಕಿ ಎಂದು ಇಪ್ಪತ್ತು ವರ್ಷದಿಂದ ಸಭೆಗಳಲ್ಲಿ ಹೇಳುತ್ತ ಬಂದವನು ನಾನು. ಹೂದಾನಿಯಲ್ಲಿ ಆ ಮಾತು ನಡೆಯುವುದಿಲ್ಲವೆಂದು ಅವರ ಮಾತಿನಿಂದ ತಿಳಿಯಿತು.

ಕಡ್ಡಿ ಆರಿಸುವುದು, ನೀರು ಕುಡಿಸುವುದು

ಮೊದಲು ಒಂದು ತೊಡಕನ್ನು ಹೇಳಬೇಕು. ಬಂಗಾರಪೇಟೆ ಸುತ್ತಿನ ಹೆಚ್ಚಿನ ಸೇವಂತಿಗೆ ಬಿಡಿ ಹೂವಾಗಿ ಹೋಗುತ್ತದೆ: ಕಿಲೋ ಲೆಕ್ಕದಲ್ಲಿ, ಇಲ್ಲವೇ ಕಟ್ಟಿದ ಮೇಲೆ ಮೊಳ-ಮಾರಿನ ಲೆಕ್ಕದಲ್ಲಿ. ಬಿಡಿ ಹೂವಿನ ಬೆಳೆಗಾರ ಹೂವನ್ನಷ್ಟೇ ಬಿಡಿಸುತ್ತಾನೆ, ಕಡ್ಡಿ ಕೊಯ್ದರೆ ಮುಂದಿನ ಕೊಯ್ಲಿನ ಮೊಗ್ಗೂ ಹೋಗುತ್ತದೆಂದು ಅವನಿಗೆ ಸಂಕಟ. ಆದ್ದರಿಂದ ಕಡ್ಡಿ ಬೇಕೆಂದು ಮುಂಚೆಯೇ ಹೇಳಿಡಬೇಕು. ಕೊನೆಯ ಕೊಯ್ಲಿನ ಹೊಲವಾದರೆ ಇಬ್ಬರಿಗೂ ಅನುಕೂಲ. ಹೇಗೂ ಗಿಡ ಕಿತ್ತು ಹೊಲ ಹಸನು ಮಾಡುವವನಿಗೆ ಕಡ್ಡಿಗೂ ಬೆಲೆ ಸಿಕ್ಕಿದಂತಾಗುತ್ತದೆ. ಕಡ್ಡಿ ಹೂವಿಗೆಂದೇ ಹಸಿರುಮನೆಯಲ್ಲಿ ಬೆಳೆಯುವವರೂ ಇದ್ದಾರೆ, ಬೆಲೆ ಸ್ವಲ್ಪ ಹೆಚ್ಚು. ಸೇವಂತಿಗೆ ಸಿಗದಿದ್ದರೆ ಆಸ್ಟರ್ ತರಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಕಾಮಿನಿ, ಪೂರ್ಣಿಮಾ, ಶಶಾಂಕ ಮುಂತಾದ ಆಸ್ಟರ್ ತಳಿಗಳು ಇವೆ. ಸುಗಂಧರಾಜವೂ ಆದೀತು. ಅದರ ಹೂ ಬುಡದಿಂದ ತುದಿಗೆ ಒಂದೊಂದಾಗಿ ಅರಳುವುದರಿಂದ, ಕೆಳಗಿನ ಎರಡು-ಮೂರು ಹೂ ಬಿರಿದಾಗಲೇ ಕೊಯ್ಯಬೇಕು. ಗುಚ್ಛಕ್ಕೆ ಸುತ್ತು ಸುತ್ತಿನ ದಳದ್ದು, ಅಂದರೆ ಸುವಾಸಿನಿ, ವೈಭವ್ ಇಂಥವು, ಚೆನ್ನ. ಶೃಂಗಾರ್, ಪ್ರಜ್ವಲ್ ಒಂಟಿ ಸುತ್ತಿನವು, ಹಾರಕ್ಕೆ ಹೆಚ್ಚು ಸಲ್ಲುತ್ತವೆ.

ಗುಲಾಬಿಯನ್ನು ಮೊಗ್ಗಿನಲ್ಲಿ ಕೊಯ್ಯುತ್ತಾರೆ. ಸೇವಂತಿಗೆಯನ್ನು ಹಾಗೆ ಕೊಯ್ದರೆ ಅರಳದೆ ಉಳಿಯುತ್ತದೆ. ಹೊರಗಿನ ದಳಗಳು ಪೂರ್ತಿ ಬಿಚ್ಚಿ, ನಡುವಿನವು ಇನ್ನೂ ಮುದುಡಿರುವಾಗ ಕೊಯ್ಲಿಗೆ ಹದ. ಬಿಸಿಲೇರುವ ಮುಂಚೆ ಕೊಯ್ಯಬೇಕು. ಕಡ್ಡಿಯ ಬುಡ ಗಟ್ಟಿ ಸೌದೆಯಂತಿರುತ್ತದೆ, ನೀರೆಳೆಯುವುದಿಲ್ಲ. ಅದನ್ನು ಬಿಟ್ಟು ಹಸಿರು ಭಾಗದಲ್ಲಿ ಓರೆಯಾಗಿ ಕತ್ತರಿಸಿ. ಕತ್ತಿ ಹರಿತವಿರಲಿ, ಕಸಿ ಕಟ್ಟುವ ಚಾಕುವಾದರೆ ಉತ್ತಮ.

ಕೊಯ್ದ ಕ್ಷಣ ಕಡ್ಡಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆ ಗಾಳಿಗುಳ್ಳೆ ನೀರಿನ ದಾರಿಯನ್ನು ಮುಚ್ಚುತ್ತದೆ. ಹೂ ಬಾಡುವುದಕ್ಕೆ ಬಹಳ ಸಲ ಇದೇ ಕಾರಣ, ನೀರಿನಲ್ಲಿಟ್ಟರೂ ಬಾಡಿತಲ್ಲ ಎನ್ನುತ್ತೇವೆ. ಆದಕಾರಣ ಮನೆಗೆ ತಂದ ಕೂಡಲೆ ಬಕೆಟ್ಟಿನ ನೀರಿನೊಳಗೇ ಕಡ್ಡಿಯನ್ನು ಮುಳುಗಿಸಿ ಬುಡದ ಒಂದಂಗುಲ ಕತ್ತರಿಸಿ ತೆಗೆಯಿರಿ. ನೀರಿಗೆ ತಾಗುವ ಎಲೆಗಳನ್ನೆಲ್ಲ ಬಿಡಿಸಿಬಿಡಿ. ಕೊಳೆತ ಎಲೆಯಿಂದ ಬ್ಯಾಕ್ಟೀರಿಯಾ ಬೆಳೆದು ಅದೂ ಕಡ್ಡಿಯ ಬಾಯನ್ನು ಕಟ್ಟುತ್ತದೆ. ಆಮೇಲೆ ಬಚ್ಚಲಿನಂಥ ತಂಪು, ಕತ್ತಲ ಜಾಗದಲ್ಲಿ ಮೂರು-ನಾಲ್ಕು ಗಂಟೆ ಬಕೆಟ್ಟಿನಲ್ಲೇ ಬಿಡಿ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ನಮ್ಮೂರಿಗೆ ಬಂದ ಹೂವಿಗಂತೂ ಇದು ತಪ್ಪಿಸಬಾರದ ಕೆಲಸ. ಆರು ತಾಸು ಕಾಗದದಲ್ಲಿ ಸುತ್ತಿಟ್ಟ ಹೂ ಸೋತಂತೆ ಕಂಡರೂ ಎದ್ದು ನಿಲ್ಲುತ್ತದೆ.

ಒಂದು ಎಚ್ಚರಿಕೆ: ನಮ್ಮ ಮನೆಗಳಲ್ಲಿ ಬಾಳೆಗೊನೆ ಹಣ್ಣಿಗಿಟ್ಟಿರುತ್ತದೆ. ಹಣ್ಣಾಗುವ ಬಾಳೆಯಿಂದ ಹೊರಡುವ ಎಥಿಲಿನ್ ಅನಿಲ ಹೂವನ್ನೂ ಮುಪ್ಪಾಗಿಸುತ್ತದೆ. ಎಥ್ರೆಲ್ ಬಳಸಿದ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೇವಂತಿಗೆ ಸ್ವಲ್ಪ ತಡೆಯುತ್ತದೆ. ಕಾರ್ನೇಷನ್, ಸೀತಾಳೆ ಹೂ ತಡೆಯವು. ಹೂವನ್ನು ಬಾಳೆಗೊನೆಯ ಕೋಣೆಯಲ್ಲಿಡಬೇಡಿ.

ಕಟ್ಟುವ ಕ್ರಮ

ಹದಿನೈದರಿಂದ ಇಪ್ಪತ್ತು ಕಡ್ಡಿ ಸಾಕು. ಎಲ್ಲ ಕಡ್ಡಿಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಅತಿ ನೆಟ್ಟಗಿರುವುದನ್ನು ಎಡಗೈಯ ಹೆಬ್ಬೆರಳು-ತೋರುಬೆರಳ ನಡುವೆ ಹಿಡಿಯಿರಿ. ಇದು ನಡುವಿನ ಕಂಬ. ಎರಡನೆಯದನ್ನು ಅದಕ್ಕೆ ಅಡ್ಡವಾಗಿ, ತಲೆ ಎಡಕ್ಕೆ ಬುಡ ಬಲಕ್ಕೆ ಬರುವಂತೆ ಓರೆಯಾಗಿ ಸೇರಿಸಿ. ಮೂರನೆಯದೂ ಅದೇ ಓರೆ, ನಾಲ್ಕನೆಯದೂ ಅದೇ ಓರೆ. ಒಂದೊಂದು ಸೇರಿಸಿದಂತೆ ಕೈಯಲ್ಲಿರುವ ಕಟ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋಗಿ. ಗುಟ್ಟು ಇಲ್ಲೇ ಇರುವುದು: ಒಂದು ಕಡ್ಡಿಯನ್ನೂ ಎದುರು ದಿಕ್ಕಿಗೆ ಹಾಕಕೂಡದು. ಹಾಕಿದರೆ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ಮುರಿಯುತ್ತವೆ. ಒಂದೇ ಓರೆಯಲ್ಲಿ ಹಾಕಿದರೆ ಮೇಲೆ ಹೂಗಳು ಕೊಡೆಯಂತೆ ಹರಡುತ್ತವೆ, ಕೆಳಗೆ ಬುಡಗಳು ಹುಲ್ಲಿನ ಕುತ್ರೆಯ ಕಾಲಿನಂತೆ ಅಗಲಿಸುತ್ತವೆ. ಬುಡ ಸಮನಾಗಿ ಕತ್ತರಿಸಿ ಮೇಜಿನ ಮೇಲಿಟ್ಟರೆ ಗುಚ್ಛ ತಾನೇ ನಿಲ್ಲಬೇಕು. ನಿಂತರೆ ಕಟ್ಟಿದ್ದು ಸರಿ. ಟೀಚರಮ್ಮ ತಮ್ಮ ಹತ್ತಿರ ಕಲಿಯಲು ಬರುವ ಹುಡುಗಿಯರಿಗೆ ಕೊಡುವ ಪರೀಕ್ಷೆಯೂ ಇದೇ.

ಕಟ್ಟಲು ನೆನೆಸಿದ ಬಾಳೆ ನಾರು ಸಾಕು. ತಂತಿ, ರಬ್ಬರು ಬ್ಯಾಂಡು ಬೇಡ. ರಬ್ಬರು ಬಿಗಿದು ಎಳೆ ಕಡ್ಡಿಯನ್ನು ಕೊಯ್ಯುತ್ತದೆ. ನಡುವೆ ತುಂಬಿಸಲು ಬೇರೆ ಹೂವಾಗಲಿ ಹುಲ್ಲಾಗಲಿ ಬೇಕಿಲ್ಲ, ಸೇವಂತಿಗೆಯ ಸ್ವಂತ ಎಲೆಗಳೇ ಇವೆ. ಅಂಗಡಿಯವರು ಹೂ ಚುಚ್ಚುವ ಹಸಿರು ಸ್ಪಂಜಂತೂ ಬೇಡವೇ ಬೇಡ. ಅದು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ನಿಂದ ಮಾಡಿದ ಪ್ಲಾಸ್ಟಿಕ್, ಪುಡಿಯಾಗುತ್ತದೆಯೇ ಹೊರತು ಮಣ್ಣಾಗದು. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪುಷ್ಪ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ.

ಇಲ್ಲಿಯವರೆಗಿನದು ಕೋಲಾರದ ವಿದ್ಯೆ. ಇನ್ನು ಮುಂದಿನದು ನಮ್ಮದು. ಅಲ್ಲಿ ಗುಚ್ಛವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಾರೆ. ನಾವು ಸುತ್ತಬೇಕಾದದ್ದು ಅಡಿಕೆ ಹಾಳೆಯಲ್ಲಿ. ಬಿದ್ದು ಹೆಚ್ಚು ದಿನವಾಗದ, ಸೀಳದ, ಬೂಷ್ಟು ಹಿಡಿಯದ ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೆ ತೊಗಲಿನಂತೆ ಬಾಗುತ್ತದೆ. ಮುಟ್ಟಾಳೆ ಮಾಡಿದ ಕೈಗಳಿಗೆ ಇದೇನು ದೊಡ್ಡ ಕೆಲಸ? ಬದಿಗಳನ್ನು ಕತ್ತರಿಸಿ, ನುಣುಪಾದ ಒಳಮೈ ಹೂವಿನ ಕಡೆಗೆ ಬರುವಂತೆ ಶಂಕುವಿನಾಕಾರದಲ್ಲಿ ಸುರುಳಿ ಸುತ್ತಿ, ತೆಂಗಿನ ಗರಿಯ ಕಡ್ಡಿಯಿಂದ ಎರಡು ಕಡೆ ಚುಚ್ಚಿ. ನೆರಳಿನಲ್ಲಿ ಆರಿದರೆ ಹಾಗೆಯೇ ಗಟ್ಟಿಯಾಗಿ ನಿಲ್ಲುತ್ತದೆ. ಇವನ್ನು ವಾರ ಮೊದಲೇ ಮಾಡಿಟ್ಟುಕೊಳ್ಳಬಹುದು. ಗುಚ್ಛದ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಬೆಂಕಿಯಲ್ಲಿ ಬಾಡಿಸಿದ ಬಾಳೆ ಎಲೆ ಕಟ್ಟಿ ಈ ಶಂಕುವಿನೊಳಗೆ ಇಳಿಸಿದರೆ ಸಭೆ ಎಷ್ಟು ಹೊತ್ತು ಎಳೆದರೂ ಹೂ ಬಾಡದು. ಅಧ್ಯಕ್ಷರ ಭಾಷಣದ ಉದ್ದವನ್ನು ಲೆಕ್ಕಹಾಕಿಯೇ ಈ ಮಾತು ಹೇಳುತ್ತಿದ್ದೇನೆ.

ಮನೆಗೆ ಒಯ್ದವರು ಹಾಳೆ ಬಿಚ್ಚಿ ಚೊಂಬಿನಲ್ಲಿಡಲಿ. ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ. ಸಕ್ಕರೆ ಹೂವಿಗೆ ಆಹಾರ, ಹುಳಿಯಿಂದ ನೀರು ಬೇಗ ಏರುತ್ತದೆ. ಸಕ್ಕರೆ ನೀರು ಬೇಗ ಕೆಡುವುದರಿಂದ ದಿನವೂ ಬದಲಿಸಬೇಕು, ಎರಡು ದಿನಕ್ಕೊಮ್ಮೆ ಬುಡವನ್ನು ಸ್ವಲ್ಪ ಕತ್ತರಿಸಬೇಕು.

ಮನೆಯಂಗಳದಲ್ಲಿ ಬೆಳೆಯಬಹುದೇ ಎಂದು ಕೇಳುವವರಿಗೆ: ಸೇವಂತಿಗೆಗೆ ಕಾಫಿಯ ನೆರಳು ಆಗದು, ನಮ್ಮ ಜಡಿಮಳೆಯೂ ಆಗದು. ಕಂದುಗಳನ್ನು ಸೂರಿನಡಿ ಕುಂಡದಲ್ಲಿ ಕಾಪಾಡಿಕೊಂಡು, ಮಳೆ ಹಿಂದೆಗೆಯುವಾಗ ಕಣದ ಬದಿಯ ಬಿಸಿಲಿಗೆ ನೆಟ್ಟು, ತಿಂಗಳಿಗೆ ತುದಿ ಚಿವುಟಿದರೆ ಚಳಿಗಾಲಕ್ಕೆ ಹೂ ಉಂಟು. ನೆರಳು ಬಿಟ್ಟರೆ ಗತಿಯಿಲ್ಲದವರು ಆಂಥೂರಿಯಂ ಹಾಕಲಿ. ಅದು ನೆರಳಿನ ಗಿಡ, ಕೊಯ್ದ ಹೂ ಎರಡು ವಾರಕ್ಕೆ ಮೋಸವಿಲ್ಲ, ಏಳು ಹೂವಿಗೆ ಒಂದು ಗುಚ್ಛ. ಕಾಫಿ ಹೂವಿನ ಗುಚ್ಛ ಮಾಡಬಹುದಲ್ಲ ಎಂದು ನನ್ನ ತಂಗಿಯ ಮಗಳು ಕೇಳಿದಳು. ಕಿತ್ತದ್ದು ಹೂವಲ್ಲಮ್ಮ, ಹಣ್ಣು ಎಂದೆ.

ಮಹಾಸಭೆಗೆ

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕೆಂಬುದು ಎಲ್ಲರಿಗೂ ಗೊತ್ತಿದೆ. ಆ ದಿನಗಳಲ್ಲಿ ಗಣೇಶನ ಹಬ್ಬ ಮುಗಿದು ದಸರೆ ಇನ್ನೂ ದೂರವಿರುತ್ತದೆ, ಹಲವು ವರ್ಷ ಪಿತೃಪಕ್ಷವೂ ನಡುವೆ ಬೀಳುತ್ತದೆ. ಮದುವೆ-ಮುಂಜಿಗಳಿಲ್ಲ. ವರಮಹಾಲಕ್ಷ್ಮಿಯ ದಿನ ಮುಟ್ಟಲಾಗದಷ್ಟು ಬೆಲೆ ಇದ್ದ ಹೂವನ್ನು ಆಗ ಬೆಂಗಳೂರಿನ ಮಾರುಕಟ್ಟೆಯಲ್ಲಿ ಕೇಳುವವರು ಕಡಮೆ. ನಮಗೆ ಅಗ್ಗದಲ್ಲಿ ಸಿಗುತ್ತದೆ ಎಂಬುದು ಒಂದು ಲಾಭ. ಆದರೂ ಬಂಗಾರಪೇಟೆ ಕಡೆಯ ಬೆಳೆಗಾರರೊಂದಿಗೆ ಹಬ್ಬದ ಬೆಲೆಯೂ ಅಲ್ಲದ, ಬಿದ್ದ ಬೆಲೆಯೂ ಅಲ್ಲದ ನಡುವಣ ಒಂದು ಬೆಲೆಗೆ ಮುಂಚಿತವಾಗಿ ಮಾತಾಡಿಕೊಳ್ಳುವುದು ನ್ಯಾಯವೆಂದು ಆಡಳಿತ ಮಂಡಳಿಯ ಮುಂದೆ ಹೇಳಿದ್ದೇನೆ. ಅಡಿಕೆಗೆ ನಾವು ಕೇಳುವುದೂ ಇದನ್ನೇ ಅಲ್ಲವೇ? ಮಂಡಳಿ ಒಪ್ಪಿದೆ. ಪುಸ್ತಕವೂ ಇರುತ್ತದೆ, ಗುಚ್ಛವೂ ಇರುತ್ತದೆ.

ಗುಚ್ಛ ಕಟ್ಟಲು ಬರುವ ಮಹಿಳಾ ಸದಸ್ಯರು ಮತ್ತು ಸದಸ್ಯರ ಮನೆಯವರು ಸಭೆಯ ಹಿಂದಿನ ಸಂಜೆ ನಾಲ್ಕು ಗಂಟೆಗೆ ಸಂಘದ ಗೋದಾಮಿಗೆ ಬರಬೇಕಾಗಿ ಕೋರಿಕೆ. ಹೂ ಅಂದು ಬೆಳಗ್ಗೆಯೇ ಬಂದು ಬಕೆಟ್ಟುಗಳಲ್ಲಿ ನೀರು ಕುಡಿಯುತ್ತಿರುತ್ತದೆ. ಹಾಳೆ ಕೊಡಬಯಸುವವರು ಒಂದು ವಾರ ಮೊದಲು ತಲಾ ನಾಲ್ಕರಂತೆ ಕಚೇರಿಗೆ ತಲುಪಿಸಬೇಕು. ಅಗಲ ಒಂದೂವರೆ ಗೇಣಿಗೆ ಕಡಮೆ ಇರಬಾರದು, ಬೋರ್ಡೋ ದ್ರಾವಣದ ಕಲೆ ಇರಬಾರದು. ಕತ್ತರಿ, ಬಾಳೆ ನಾರು ಮನೆಯಿಂದಲೇ ತನ್ನಿ. ಬಕೆಟ್ಟು ಸಂಘದ್ದು.